ಮುನ್ನುಡಿಗೆ ಹಾಕಿದ ಕ್ಲಿಪ್ಪು

ಏಪ್ರಿಲ್ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಮಗಳು ಏಳನೇ ಕ್ಲಾಸು ಮುಗಿಸಿದಳು. ರಜೆಯಲ್ಲಿ ಓದೋದಕ್ಕೆ ಕನ್ನಡದಲ್ಲಿ ಒಳ್ಳೆ ಕಾದಂಬರಿ ಹೇಳಿ. ಹೊಸದಿರಲಿ." ಅದರ ಬೆನ್ನಿಗೇ ಇನ್ನೊಂದು, "ಸ್ವಲ್ಪ ನೀತಿ ಇದ್ದರೆ ಒಳ್ಳೇದು." ಐದು ನಿಮಿಷ ಬಿಟ್ಟು ಮತ್ತೊಂದು, "ಜಾಸ್ತಿ ದಪ್ಪ ಬೇಡ." ಮಗಳಿಗೆ ಏನು ಇಷ್ಟ, ಈಗ ಏನು ಓದುತ್ತಿದ್ದಾಳೆ, ಓದುತ್ತಾಳೋ ಇಲ್ಲವೋ, ಅದೊಂದನ್ನೂ ಬರೆದಿರುವುದಿಲ್ಲ. ಮೊಬೈಲು ಬಿಡಿಸಬೇಕು ಅನ್ನುವ ಆಸೆ ಮಾತ್ರ ಸಾಲುಗಳ ನಡುವೆ ಕಾಣುತ್ತದೆ. ಪುಸ್ತಕವನ್ನು ಕಷಾಯದ ಥರ ಕೇಳುತ್ತಾರೆ. ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ ಅಂತ ಹೇಳಿಬಿಟ್ಟರೆ ಅವರಿಗೆ ಸಮಾಧಾನ.

ಇದೇ ಪ್ರಶ್ನೆಯನ್ನು ನಾಲ್ಕು ಜನರಿರುವ ಗುಂಪಿನಲ್ಲಿ ಹಾಕಿ ನೋಡಿ. ಅರ್ಧ ಗಂಟೆಯಲ್ಲಿ ಉದ್ದನೆಯ ಪಟ್ಟಿ ರೆಡಿ. ಪಂಜೆ, ರಾಜರತ್ನಂ, ಕಾರಂತರು, ತೇಜಸ್ವಿ. ಯಾರೋ ಒಬ್ಬರು ಚಂದಮಾಮ ನೆನೆಸಿಕೊಂಡು ಭಾವುಕರಾಗುತ್ತಾರೆ. ಇನ್ನೊಬ್ಬರು ಬಾಲಮಂಗಳ ಅನ್ನುತ್ತಾರೆ. ಅಲ್ಲಿಂದ ಮುಂದೆ ಮಾತು ಮಕ್ಕಳನ್ನು ಬಿಟ್ಟು ನಮ್ಮ ಬಾಲ್ಯದ ಕಡೆ ಹೊರಟುಹೋಗುತ್ತದೆ. ಆ ಪುಸ್ತಕಗಳ ಬಗ್ಗೆ ನನಗೆ ಒಂದು ಮಾತೂ ಇಲ್ಲ, ಎಲ್ಲ ಒಳ್ಳೆಯವೇ. ಆದರೆ ಕೇಳಿದ್ದು ಹೊಸದನ್ನು. ಪಟ್ಟಿಯಲ್ಲಿ ಕಳೆದ ಹತ್ತು ವರ್ಷದಲ್ಲಿ ಬಂದ ಒಂದು ಪುಸ್ತಕವೂ ಇರುವುದಿಲ್ಲ.

ಹಾಗಂತ ಹೊಸದು ಬಂದೇ ಇಲ್ಲವಾ? ಬಂದಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದ ಮಟ್ಟಿಗೆ 2019ರಿಂದ 2023ರವರೆಗೆ ಸಾಲಾಗಿ ಐದು ವರ್ಷ ಅದು ಹೋಗಿದ್ದು ಮಕ್ಕಳ ಕಾದಂಬರಿಗಳಿಗೆ. ಚಂದ್ರಕಾಂತ ಕರದಳ್ಳಿಯವರ 'ಕಾಡು ಕನಸಿನ ಬೀದಿಗೆ', ಹ.ಸ. ಬ್ಯಾಕೋಡರ 'ನಾನು ಅಂಬೇಡ್ಕರ್', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಆಮೇಲಿನ ಎರಡು ವರ್ಷ ಪ್ರಶಸ್ತಿ ಕಥಾ ಸಂಕಲನಗಳಿಗೆ ಬಂತು, ಆ ಮಾತು ಬೇರೆ. ಪ್ರಶಸ್ತಿ ಬಂದ ದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಎಲ್ಲರೂ ಅಭಿನಂದನೆ ಹಾಕುತ್ತಾರೆ. ಅಭಿನಂದನೆ ಹಾಕಿದವರಲ್ಲಿ ಎಷ್ಟು ಜನ ಪುಸ್ತಕ ತೆರೆದು ನೋಡಿದ್ದಾರೆ ಅಂತ ನಾನು ಆಗಾಗ ಕೆಣಕಿ ಕೇಳುತ್ತೇನೆ. ಉತ್ತರ ಗೊತ್ತಿದ್ದೇ ಕೇಳುತ್ತೇನೆ.

ನನ್ನ ತಕರಾರು ಇಷ್ಟೇ. ಕನ್ನಡದಲ್ಲಿ ಮಕ್ಕಳಿಗೆ ಬರೆಯುವವರು ಇದ್ದಾರೆ, ಓದುವ ಮಕ್ಕಳೂ ಇದ್ದಾರೆ. ನಡುವೆ ನಿಂತು ಆ ಪುಸ್ತಕವನ್ನು ತಾವೂ ಓದಿ, "ಇದು ನಿನಗೆ, ಇದು ನಿನ್ನ ತಮ್ಮನಿಗೆ" ಅಂತ ಹೇಳುವ ದೊಡ್ಡವರು ಕಡಿಮೆ. ನಾವು ಹೆಸರು ದಾಟಿಸುತ್ತೇವೆ, ಅಷ್ಟೇ. ಪ್ರಶಸ್ತಿಯ ಪಟ್ಟಿ ನೋಡಿ ಪುಸ್ತಕ ತರಿಸಿದರೆ ಅದು ಎಂಟು ವರ್ಷದವರಿಗೋ ಹದಿಮೂರರವರಿಗೋ ಅನ್ನುವುದು ಕೂಡ ಗೊತ್ತಾಗುವುದಿಲ್ಲ. ರಕ್ಷಾಪುಟದ ಮೇಲೆ 'ಮಕ್ಕಳ ಕಾದಂಬರಿ' ಅಂತ ಇರುತ್ತದೆ. ಎರಡನೇ ಕ್ಲಾಸಿನವನೂ ಮಗು, ಹತ್ತನೇ ಕ್ಲಾಸಿನವಳೂ ಮಗು!

ಕಥೆ ಎಲ್ಲಿಂದ ಶುರು?

ಪಕ್ಕದ ಮನೆಯ ಹುಡುಗಿ ಆರನೇ ಕ್ಲಾಸು. ಚುರುಕು, ಬಾಯಿಗೂ ಕಡಿಮೆ ಇಲ್ಲ. ಒಂದು ಸಂಜೆ ಅವಳಿಗೆ ಹೊಸ ಮಕ್ಕಳ ಕಾದಂಬರಿಯೊಂದನ್ನು ಕೊಟ್ಟೆ. (ಹೆಸರು ಬೇಡ, ಈ ಕಾಯಿಲೆ ಬಹಳ ಪುಸ್ತಕಗಳಿಗಿದೆ.) ಅವಳು ಮೊದಲ ಪುಟದಿಂದಲೇ ಶ್ರದ್ಧೆಯಿಂದ ಓದಲು ಕೂತಳು. ಮೊದಲು ಪ್ರಕಾಶಕರ ಮಾತು. ಆಮೇಲೆ ಹಿರಿಯರೊಬ್ಬರ ಮುನ್ನುಡಿ. ಅದು ಪಂಚತಂತ್ರದಿಂದ ಶುರುವಾಗಿ, ಜಾನಪದಕ್ಕೆ ಬಂದು, ಆಧುನಿಕ ಮಕ್ಕಳ ಸಾಹಿತ್ಯದ ಸ್ಥಿತಿಗತಿಗೆ ಮರುಗಿ, ಕೊನೆಗೆ ಈ ಕಾದಂಬರಿಯ ಕಥೆಯನ್ನು ಪೂರ್ತಿ ಹೇಳಿ ಮುಗಿಯುತ್ತದೆ. ಅದಾದ ಮೇಲೆ ಲೇಖಕರ ಮಾತು. ಅದರಲ್ಲಿ ಡಿಟಿಪಿ ಮಾಡಿದವರಿಂದ ಹಿಡಿದು ಕರಡು ತಿದ್ದಿದವರ ತನಕ ಎಲ್ಲರಿಗೂ ವಂದನೆ. ಹುಡುಗಿ ಪುಸ್ತಕ ಮಡಚಿ ನನ್ನ ಮುಖ ನೋಡಿದಳು. "ಆಂಟಿ, ಕಥೆ ಎಲ್ಲಿಂದ ಶುರು?" ನಾನು ಪುಟ ಮಗುಚಿ ತೋರಿಸಿದೆ. ಅವಳು, "ಆದ್ರೆ ಕಳ್ಳ ಯಾರು ಅಂತ ಇವರು ಆಗಲೇ ಹೇಳಿಬಿಟ್ಟಿದ್ದಾರಲ್ಲ" ಅಂದಳು.

ಅವತ್ತಿನಿಂದ ನಾನು ಮಕ್ಕಳಿಗೆ ಕೊಡುವ ಪುಸ್ತಕಗಳ ಮೊದಲ ಪುಟಗಳನ್ನೆಲ್ಲ ಸೇರಿಸಿ ಒಂದು ಕ್ಲಿಪ್ಪು ಹಾಕಿಬಿಡುತ್ತೇನೆ. ಆಫೀಸಿನಲ್ಲಿ ಕಡತಕ್ಕೆ ಹಾಕುವ ಕಪ್ಪು ಕ್ಲಿಪ್ಪು. ಪುಸ್ತಕ ತೆರೆದರೆ ಸೀದಾ ಮೊದಲನೇ ಅಧ್ಯಾಯ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಈ ಒಂದು ಕ್ಲಿಪ್ಪು ಮಾಡುವ ಕೆಲಸವನ್ನು ನನ್ನ ಯಾವ ಶಿಫಾರಸೂ ಮಾಡಿಲ್ಲ. ಮುನ್ನುಡಿ ಬರೆಯುವವರು ದೊಡ್ಡವರು, ಬರೆಯುವುದು ದೊಡ್ಡವರಿಗೆ. ಆಯ್ಕೆ ಸಮಿತಿಗೆ, ವಿಮರ್ಶಕರಿಗೆ, ಲೇಖಕರ ಸ್ನೇಹಿತರಿಗೆ. "ಈ ಕೃತಿ ಮಕ್ಕಳಲ್ಲಿ ಪರಿಸರ ಪ್ರಜ್ಞೆ ಮೂಡಿಸುತ್ತದೆ" ಅನ್ನುವ ವಾಕ್ಯ ಓದಿ ಯಾವ ಮಗು ಕುಣಿದಾಡುತ್ತದೆ ಹೇಳಿ? ಪುಸ್ತಕದ ಒಳಗೆ ಇರುವ ಹುಡುಗರು ಮರ ಹತ್ತುತ್ತಿರುತ್ತಾರೆ, ಬೆನ್ನುಡಿಯಲ್ಲಿ ಅವರಿಗೆ ಪ್ರಜ್ಞೆ ಮೂಡುತ್ತಿರುತ್ತದೆ.

ಇದಕ್ಕೆ ಪ್ರಕಾಶಕರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಕನ್ನಡ ಪುಸ್ತಕದ ಲೆಕ್ಕಾಚಾರವೇ ಹಾಗಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ 300 ಪ್ರತಿ ಹೋಗುತ್ತದೆ. ಬಹಳ ಪ್ರಕಾಶಕರಿಗೆ ಅದೇ ಗಟ್ಟಿ ಗಿರಾಕಿ. ದರ ಪುಟಕ್ಕೆ ಇಷ್ಟು ಅಂತ. ಹಣ ಕೈಗೆ ಬರುವುದು ತಡ ಅನ್ನುವ ಗೋಳು ಇದ್ದದ್ದೇ. ಪುಟದ ಲೆಕ್ಕದಲ್ಲಿ ದುಡ್ಡು ಬರುವಾಗ ಒಳ್ಳೆ ಚಿತ್ರಕಾರರಿಗೆ ಸಂಭಾವನೆ ಕೊಟ್ಟು ಅಧ್ಯಾಯಕ್ಕೊಂದು ಚಿತ್ರ ಬರೆಸುವ ಧೈರ್ಯ ಯಾರು ಮಾಡುತ್ತಾರೆ? ಅಕ್ಷರ ಸಣ್ಣದಾಗುತ್ತದೆ, ಕಾಗದ ಮಾಸಲಾಗುತ್ತದೆ, ಚಿತ್ರ ಅಂದರೆ ಅಲ್ಲೊಂದು ಇಲ್ಲೊಂದು ಕಪ್ಪು ಗೆರೆ. ಅದೇ ಮಗುವಿನ ಕೈಯಲ್ಲಿ ಇಂಗ್ಲಿಷಿನ ಪುಸ್ತಕ ನೋಡಿ. ಅರ್ಧ ಪುಟ ಚಿತ್ರ, ಉಳಿದರ್ಧ ದಪ್ಪ ಅಕ್ಷರ. ಮಗು ಕನ್ನಡ ಬಿಟ್ಟು ಇಂಗ್ಲಿಷ್ ಎತ್ತಿಕೊಂಡರೆ ಅದಕ್ಕೆ ಭಾಷಾಭಿಮಾನದ ಪಾಠ ಹೇಳಲು ಹೋಗಬೇಡಿ. ಅದು ನೋಡಲು ಚೆನ್ನಾಗಿರುವುದನ್ನು ಎತ್ತಿಕೊಂಡಿದೆ, ಅಷ್ಟೇ ತಾನೆ?

ಹಿನ್ನೀರ ಬದಿಯ ಒಂದು ಭಾನುವಾರ

ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ನಾನು ಆಗಾಗ ಹೋಗುತ್ತೇನೆ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತ ಇದೆ. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಶುರುವಾಯಿತು. ಸರ್ಕಾರಿ ಯೋಜನೆಗಳ ಬಗ್ಗೆ ಮೂಗು ಮುರಿಯುವುದು ನನಗೂ ಅಭ್ಯಾಸ. ಆದರೆ ಇದರಿಂದ ಹಳ್ಳಿಯ ಮಕ್ಕಳ ಹೆಸರು ಗ್ರಂಥಾಲಯದ ರಿಜಿಸ್ಟರಿಗೆ ಬಂತು, ಅದಂತೂ ನಿಜ. ಶಾಲೆಯ ಬೀರುವಿಗೆ ಹೋಲಿಸಿದರೆ ಇದು ಸ್ವರ್ಗ. ನಾನು ನೋಡಿದ ಒಂದು ಹೈಸ್ಕೂಲಿನಲ್ಲಿ ಪುಸ್ತಕದ ಬೀರುವಿಗೆ ಬೀಗ, ಬೀಗದ ಕೈ ಹೆಡ್ಮಾಸ್ಟರ ಡ್ರಾಯರಿನಲ್ಲಿ. ಒಂದು ಪುಸ್ತಕ ಕಳೆದರೂ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಅವರ ಹೆದರಿಕೆಯೂ ಸುಳ್ಳಲ್ಲ.

ಆ ಭಾನುವಾರ ನಾನು ಚೀಲದಲ್ಲಿ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಇಟ್ಟುಕೊಂಡು ಹೋಗಿದ್ದೆ. ಇದು ತೀರಾ ಹೊಸದಲ್ಲ. ಇದಕ್ಕೆ ಬಾಲ ಸಾಹಿತ್ಯ ಪುರಸ್ಕಾರ ಬಂದಿದ್ದೇ 2011ರಲ್ಲಿ. ಆದರೆ ಓದದವರಿಗೆ ಎಲ್ಲ ಪುಸ್ತಕವೂ ಹೊಸದೇ. ಡಿಸೋಜರು ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿದ್ದವರು, ಶರಾವತಿ ಮುಳುಗಡೆಯನ್ನು ಹತ್ತಿರದಿಂದ ನೋಡಿ ದೊಡ್ಡವರಿಗೂ ಚಿಕ್ಕವರಿಗೂ ಬರೆದವರು. 2025ರ ಜನವರಿಯಲ್ಲಿ ತೀರಿಕೊಂಡರು. ಈ ಪರಿಚಯವನ್ನೆಲ್ಲ ನಾನು ಮಕ್ಕಳಿಗೆ ಹೇಳಲಿಲ್ಲ. ಕ್ಲಿಪ್ಪು ಹಾಕಿದ್ದೆನಲ್ಲ, ಸೀದಾ ಓದಲು ಶುರು ಮಾಡಿದೆ.

ಹತ್ತು ಹನ್ನೆರಡು ಮಕ್ಕಳಿದ್ದರು. ಎಂಟನೇ ಕ್ಲಾಸಿನ ಒಬ್ಬ ಹುಡುಗ ಬಾಗಿಲ ಹತ್ತಿರ, ಯಾವ ಕ್ಷಣದಲ್ಲೂ ಓಡಬಹುದು ಅನ್ನುವ ಹಾಗೆ ಒಂದು ಕಾಲು ಹೊರಗಿಟ್ಟು ಕೂತಿದ್ದ. ಹೊರಗೆ ಕ್ರಿಕೆಟ್ಟು ನಡೆಯುತ್ತಿತ್ತು. ಸ್ವಲ್ಪ ಓದುವಷ್ಟರಲ್ಲಿ ಅವನು, "ನಮ್ಮಜ್ಜನ ಮನೆ ನೀರಿನಡಿ ಇದೆ" ಅಂದ. ಯಾರನ್ನೂ ನೋಡದೆ, ಗೋಡೆಗೆ ಹೇಳುವ ಹಾಗೆ. ಇನ್ನೊಬ್ಬಳು ಬಿಡಲಿಲ್ಲ. "ನಮ್ಮಜ್ಜಂದೂ ಇದೆ. ಬೇಸಿಗೆಲಿ ನೀರು ಇಳಿದಾಗ ಗೋಡೆ ಕಾಣ್ತದೆ." "ಅದು ಮನೆ ಗೋಡೆ ಅಲ್ಲ, ಎಂತದೋ ಡ್ಯಾಮು." "ನೀರೊಳಗೆ ಎಂತ ಡ್ಯಾಮು ಮಾರಾಯ?" ಜಗಳ ಶುರುವಾಯಿತು. ಕೊನೆಗೆ ಗ್ರಂಥಾಲಯದ ಮೇಡಂ ಬಂದು ತೀರ್ಪು ಕೊಟ್ಟರು. ಲಿಂಗನಮಕ್ಕಿ ಕಟ್ಟುವುದಕ್ಕೆ ಮುಂಚೆ ಅಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಇತ್ತು. 1964ರಲ್ಲಿ ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಆ ಹಳೇ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ಮೇಲೆ ಕಾಣುವುದು ಅದೇ. ಅಣೆಕಟ್ಟೂ ಮುಳುಗುತ್ತದೆ ಅನ್ನುವುದು ಮಕ್ಕಳಿಗೆ ಭಾರೀ ಮಜಾ ಅನಿಸಿತು. ನನ್ನ ಓದು ಅಲ್ಲಿಗೇ ನಿಂತಿತ್ತು. ಪುಸ್ತಕ ಮಡಚಿದೆ. "ಆಮೇಲೆ ಎಂತ ಆಯ್ತು?" ಅಂತ ಒಬ್ಬ ಕೇಳಿದ. "ಪುಸ್ತಕ ಇಲ್ಲೇ ಇರ್ತದೆ" ಅಂದೆ.

ಮುಂದಿನ ಸಲ ಹೋದಾಗ ರಿಜಿಸ್ಟರು ತೆಗೆದು ನೋಡಿದೆ. ಬಾಗಿಲ ಹತ್ತಿರದ ಹುಡುಗ ಅದನ್ನು ಒಯ್ದಿದ್ದ. ಅವನ ಕೆಳಗೆ ಅದೇ ಕೇರಿಯ ಇನ್ನಷ್ಟು ಹೆಸರುಗಳು. ನಾನು ಹೇಳಿದ್ದು ಒಂದು ಸಲ, ಉಳಿದವರಿಗೆ ಹೇಳಿದ್ದು ಅವನು. ಅವರಲ್ಲೊಬ್ಬಳು ಎರಡೇ ದಿನಕ್ಕೆ ಹಿಂದಕ್ಕೆ ಕೊಟ್ಟು, "ಬೋರು" ಅಂದಳಂತೆ. ಅವಳಿಗೆ ಮೇಡಂ ಇನ್ನೊಂದು ಪುಸ್ತಕ ಕೊಟ್ಟು ಕಳಿಸಿದ್ದರು, ಯಾಕೆ ಬೋರು ಅಂತ ವಿಚಾರಣೆ ಮಾಡಿರಲಿಲ್ಲ. ಒಳ್ಳೆ ಗ್ರಂಥಪಾಲಕರ ಲಕ್ಷಣ ಅದು. ಹಿನ್ನೀರಿನ ಆಚೆ ದಡದ ಸಿಗಂದೂರಿಗೆ 2025ರಲ್ಲಿ ಸೇತುವೆ ಆಯಿತು, ಲಾಂಚಿಗೆ ಕಾಯುವ ಪಾಡು ತಪ್ಪಿತು. ಇನ್ನು ಹತ್ತು ವರ್ಷ ಬಿಟ್ಟು ಹಿನ್ನೀರಿನ ಕಥೆ ಓದುವ ಮಕ್ಕಳಿಗೆ ಲಾಂಚು ಅಂದರೇನು ಅಂತ ಯಾರಾದರೂ ಹೇಳಬೇಕಾಗುತ್ತದೇನೋ.

ಇಷ್ಟು ಕೇಳಿ, "ಓಹೋ, ಮಕ್ಕಳಿಗೆ ಅವರ ಊರಿನ ಕಥೆಯನ್ನೇ ಕೊಡಬೇಕು" ಅಂತ ತೀರ್ಮಾನಕ್ಕೆ ಬರಬೇಡಿ. ಅದೇ ಗ್ರಂಥಾಲಯದಲ್ಲಿ ಒಬ್ಬಳು ಹುಡುಗಿ ತೊತ್ತೋ ಚಾನ್ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದಳು. ಅದು ಕಾದಂಬರಿಯೂ ಅಲ್ಲ, ತೆತ್ಸುಕೊ ಕುರೋಯಾನಗಿ ತನ್ನ ಬಾಲ್ಯದ ಶಾಲೆಯ ಬಗ್ಗೆ ಬರೆದ ನೆನಪು. ಕಥೆಯ ಹಾಗೆ ಓದಿಸಿಕೊಳ್ಳುವ ಪುಸ್ತಕಕ್ಕೆ ಮಕ್ಕಳು ಈ ಜಾತಿ ವಿಚಾರಣೆ ಮಾಡುವುದಿಲ್ಲ. ಟೋಕಿಯೋದಲ್ಲಿ, ಯುದ್ಧದ ಕಾಲದಲ್ಲಿ, ಹಳೇ ರೈಲು ಡಬ್ಬಿಗಳಲ್ಲಿ ನಡೆಯುವ ಶಾಲೆ. ಇವಳಿಗೆ ಗೊತ್ತಿರುವ ರೈಲು ತಾಳಗುಪ್ಪದ್ದು ಮಾತ್ರ. ಅವಳ ತಲೆ ಕೆಡಿಸಿದ್ದು ರೈಲಲ್ಲ. "ಮೊದಲನೇ ದಿನ ಹೆಡ್ಮಾಸ್ಟ್ರು ನಾಲ್ಕು ಗಂಟೆ ಅವಳ ಮಾತು ಕೇಳಿಸಿಕೊಂಡ್ರಂತೆ. ಸುಳ್ಳು ಅಲ್ವಾ ಇದು?" ನಿಜವಂತೆ ಅಂದೆ. ನಂಬಲಿಲ್ಲ. ನಂಬದೆಯೇ ಪೂರ್ತಿ ಓದಿದಳು.

ಹದಿನಾಲ್ಕಕ್ಕೆ ಏನು ಕೊಡೋದು?

ಆರು, ಏಳನೇ ಕ್ಲಾಸಿನ ತನಕ ಹೇಗೋ ಆಗುತ್ತದೆ. ನನಗೆ ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು 'ಮಕ್ಕಳ ಕಾದಂಬರಿ' ಅನ್ನುವ ಅಕ್ಷರ ನೋಡಿದರೇ ಪುಸ್ತಕ ಕೆಳಗಿಡುತ್ತಾರೆ. ಹಾಗಂತ ದೊಡ್ಡವರ ಕಪಾಟಿನಿಂದ ತೆಗೆದುಕೊಟ್ಟರೆ ಅವರಿಗೆ ಗೊತ್ತಿಲ್ಲದ ದಾಂಪತ್ಯ, ಜಮೀನು, ವಿಧುರರ ವೇದಾಂತ. ನಡುವಿನ ಮೆಟ್ಟಿಲು ಕನ್ನಡದಲ್ಲಿ ಕಟ್ಟಿಯೇ ಇಲ್ಲ ಅನ್ನಬಹುದು. ನಮ್ಮ ಹಿಂದಿನವರಿಗೆ ಆ ಮೆಟ್ಟಿಲು ಬೇರೆ ಥರ ಸಿಕ್ಕಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಒಳಗೆ ಬಚ್ಚಿಟ್ಟು ಓದಿದವರು ನಮ್ಮ ಮನೆಯಲ್ಲೇ ಇದ್ದರು. ಆಮೇಲೆ ವಾರಪತ್ರಿಕೆಯ ಧಾರಾವಾಹಿಗಳು ಬಂದವು. ಅವನ್ನು ಯಾರೂ ಯಾರಿಗೂ ಶಿಫಾರಸು ಮಾಡಲಿಲ್ಲ. ಓದಬೇಡ ಅಂದದ್ದೇ ದೊಡ್ಡ ಶಿಫಾರಸು. ನರಸಿಂಹಯ್ಯನವರು ಐನೂರರ ಆಸುಪಾಸು ಕಾದಂಬರಿ ಬರೆದರು, ಸಾಹಿತ್ಯದ ಚರಿತ್ರೆ ಬರೆದವರು ಅವರಿಗೆ ಕೊಟ್ಟ ಜಾಗ ಅಷ್ಟಕ್ಕಷ್ಟೇ. ಓದುವ ಚಟ ಹತ್ತಿಸಿದವರಿಗೆ ನಮ್ಮಲ್ಲಿ ಮರ್ಯಾದೆ ಸ್ವಲ್ಪ ಕಡಿಮೆ.

ಈಗ ಈ ವಯಸ್ಸಿಗೆ ನಾನು ಹಿಂಜರಿಯದೆ ಕೊಡುವುದು ತೇಜಸ್ವಿಯವರ ಕರ್ವಾಲೊ. 1980ರ ಪುಸ್ತಕ, ಮಕ್ಕಳಿಗೆ ಅಂತ ಬರೆದದ್ದಲ್ಲ. ಅದಕ್ಕೇ ಹುಡುಗರು ಅದನ್ನು ನಂಬುತ್ತಾರೆ ಅನಿಸುತ್ತದೆ. ತೇಜಸ್ವಿ ಎಲ್ಲೂ "ಮಕ್ಕಳೇ" ಅಂತ ಬಗ್ಗಿ ಮಾತಾಡುವುದಿಲ್ಲ. ಶಾಲೆಗೆ ಲಾಯಕ್ಕಿಲ್ಲದ, ಊರಿಗೇ ಬೇಡವಾದಂಥ ಮಂದಣ್ಣನನ್ನು ವಿಜ್ಞಾನಿಯೊಬ್ಬರು ಗೌರವದಿಂದ ಕಾಣುವುದು ಹತ್ತನೇ ಕ್ಲಾಸಿನಲ್ಲಿ ನಪಾಸಾದ ಹುಡುಗನಿಗೆ ಹೇಗೆ ತಟ್ಟಬಹುದು ಯೋಚಿಸಿ. ಆದರೆ ಹೊಸದು ಕೇಳಿದರೆ ಇದೇ ಉತ್ತರ ಕೊಡಬೇಕಾದ ಪಾಡು ನನಗೂ ಬಂತಲ್ಲ! ಇವತ್ತಿನ ಹದಿನೈದರ ಹುಡುಗಿ, ಅವಳ ಟ್ಯೂಷನ್ನು, ಹಾಸ್ಟೆಲ್ಲಿನಲ್ಲಿ ಅಡ್ಡಹೆಸರು ಕೇಳಿ ಜಾತಿ ಪತ್ತೆ ಮಾಡುವ ಗೆಳತಿಯರು, ಮುಟ್ಟು, ಫೋನಿನಲ್ಲಿ ಬಂದ ಬೇಡದ ಫೋಟೊ, ಯಾರ ಮೇಲೋ ಮನಸ್ಸು. ಇದನ್ನೆಲ್ಲ ಹೆದರದೆ, ಉಪದೇಶ ಮಾಡದೆ ಹೇಳುವ ಕನ್ನಡ ಕಾದಂಬರಿಗಳು ಕೈಬೆರಳಿನಲ್ಲಿ ಎಣಿಸುವಷ್ಟೂ ನನಗೆ ಸಿಕ್ಕಿಲ್ಲ. ಬಂದರೂ ಶಾಲೆಗಳು ಕೊಳ್ಳುತ್ತವಾ? "ಇದರಲ್ಲಿ ಪ್ರೀತಿ ಗೀತಿ ಇದೆಯಾ ಮೇಡಂ?" ಅಂತ ಮೊದಲೇ ಕೇಳುವ ಟೀಚರುಗಳನ್ನು ನೋಡಿದ್ದೇನೆ. ಅದೇ ಶಾಲೆಯ ಹುಡುಗಿಯರು ಬಸ್ಸಿನಲ್ಲಿ ಪ್ರತಿಲಿಪಿ ಆ್ಯಪ್ ತೆರೆದು ಧಾರಾವಾಹಿ ಕಾದಂಬರಿ ಓದುತ್ತಿರುತ್ತಾರೆ. ಅಲ್ಲಿ ಪ್ರೀತಿ ಗೀತಿ ಬೇಕಾದಷ್ಟಿದೆ, ಕನ್ನಡದಲ್ಲೇ ಇದೆ, ಬರೆಯುವವರಿಗೂ ಓದುವವರಿಗೂ ಮುನ್ನುಡಿಯ ಹಂಗಿಲ್ಲ. ಅದನ್ನು ನೋಡಿದಾಗೆಲ್ಲ "ಮಕ್ಕಳು ಕನ್ನಡ ಓದುವುದಿಲ್ಲ" ಅನ್ನುವ ಭಾಷಣಗಳ ಮೇಲೆ ನನಗೆ ನಗು ಬರುತ್ತದೆ.

ಏಪ್ರಿಲ್ ಮೆಸೇಜಿಗೆ ಉತ್ತರ

ಈಗ ನಾನು ಪಟ್ಟಿ ಕಳಿಸುವುದಿಲ್ಲ. ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ, "ಅವಳು ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು?" ಇಷ್ಟಪಟ್ಟದ್ದಕ್ಕಿಂತ ಬಿಟ್ಟದ್ದು ಜಾಸ್ತಿ ಹೇಳುತ್ತದೆ. ಹೆಚ್ಚಿನ ಅಪ್ಪ ಅಮ್ಮಂದಿರಿಗೆ ಉತ್ತರ ಗೊತ್ತಿರುವುದಿಲ್ಲ, ಮಗಳನ್ನೇ ಕೇಳಬೇಕಾಗುತ್ತದೆ. ಹಾಗೆ ಕೇಳುವುದರಿಂದಲೇ ಅರ್ಧ ಕೆಲಸ ಆಗುತ್ತದೆ. ಆಮೇಲೆ ಒಂದೇ ಪುಸ್ತಕ ಹೇಳದೆ ಎರಡು ಹೇಳುತ್ತೇನೆ, ಒಂದನ್ನು ಬೇಡ ಅನ್ನುವ ಅಧಿಕಾರ ಮಗುವಿಗಿರಲಿ ಅಂತ. ಮೊದಲ ಅಧ್ಯಾಯ ನೀವೇ ಜೋರಾಗಿ ಓದಿ, ಮುಂದಿನದು ಅವರ ಪಾಲಿಗೆ ಬಿಡಿ. ಮುಗಿಸಿದ ಮೇಲೆ "ಏನು ಕಲಿತೆ?" ಅಂತ ದಯವಿಟ್ಟು ಕೇಳಬೇಡಿ. ಸಿನಿಮಾ ನೋಡಿ ಬಂದವರನ್ನು ಹಾಗೆ ಕೇಳುತ್ತೀರಾ?

ಕೆಲವು ಪುಸ್ತಕಗಳಿಗೆ ಓದುಗರು ತಾವಾಗೇ ಸಿಗುತ್ತಾರೆ. 'ಓಡಿ ಹೋದ ಹುಡುಗ' ಮೇಜಿನ ಮೇಲಿದ್ದರೆ ಹುಡುಗರ ಕೈ ಮೊದಲು ಅದಕ್ಕೇ ಹೋಗುತ್ತದೆ. ಅದೇ ಹೆಸರು ನೋಡಿ ಒಬ್ಬ ಅಪ್ಪ, "ಇದನ್ನು ಓದಿ ಇವನೂ ಓಡಿ ಹೋದರೆ?" ಅಂತ ಕೇಳಿದ್ದರು. ತಮಾಷೆಗಲ್ಲ, ನಿಜವಾಗಿಯೂ. ನಾನು ಅವರಿಗೇ ಮೊದಲು ಓದಲು ಕೊಟ್ಟೆ. 'ನಾನು ಅಂಬೇಡ್ಕರ್' ಅನ್ನು ನಾನು ಕೊಡುವುದು ಪ್ರತಿ ಏಪ್ರಿಲ್ 14ಕ್ಕೆ ಶಾಲೆಯಲ್ಲಿ ಬಾಯಿಪಾಠದ ಭಾಷಣ ಮಾಡುವ ಮಕ್ಕಳಿಗೆ. ಭಾಷಣದ ಅಂಬೇಡ್ಕರ್ ಗೊತ್ತಿರುವವರಿಗೆ ಕಾದಂಬರಿಯ ಅಂಬೇಡ್ಕರ್ ಸಿಗಲಿ ಅಂತ. ಇಡೀ ದಿನ ತೋಟದಲ್ಲಿ ಹಕ್ಕಿ, ಹುಳ ನೋಡುತ್ತಾ ಊಟಕ್ಕೂ ಬಾರದವರಿಗೆ ಸೂರಕ್ಕಿ ಗೇಟ್, ಬಾವಲಿ ಗುಹೆ. ಎರಡನ್ನೂ ಬರೆದವರು ಮೇಷ್ಟರುಗಿರಿ ಮಾಡಿದವರು, ಮಕ್ಕಳ ಮಾತು ದಿನವೂ ಕಿವಿಗೆ ಬಿದ್ದವರು. ಊರು ಬಿಟ್ಟು ಬೆಂಗಳೂರಿನ ಹದಿನಾಲ್ಕನೇ ಮಹಡಿಯಲ್ಲಿರುವ ಮಗುವಿಗೂ ಇವು ನಡೆಯುತ್ತವಾ? ಕೆಲವರಿಗೆ ನಡೆದಿವೆ, ಕೆಲವರಿಗೆ ಹತ್ತು ಪುಟಕ್ಕೆ ಸಾಕಾಗಿದೆ. ಸಾಕಾದವರಿಗೆ ನಾನು ಒತ್ತಾಯ ಮಾಡುವುದಿಲ್ಲ.

ಪ್ರಕಾಶಕರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ ಇದೆ. ಹಿಂಬದಿಯಲ್ಲಿ ಬೆಲೆಯ ಪಕ್ಕ ಯಾವ ವಯಸ್ಸಿನವರಿಗೆ ಅಂತ ಹಾಕಿ. ಚಿತ್ರ ಬರೆದವರ ಹೆಸರನ್ನು ಲೇಖಕರ ಹೆಸರಿನ ಕೆಳಗೆ, ಮುಖಪುಟದಲ್ಲೇ ಕೊಡಿ. ಮುನ್ನುಡಿ ಇರಲೇಬೇಕು ಅಂತಿದ್ದರೆ ಇರಲಿ, ಬರೆದುಕೊಟ್ಟ ಹಿರಿಯರಿಗೆ ಬೇಜಾರಾಗುವುದು ಬೇಡ. ಅದನ್ನು ಕಥೆ ಮುಗಿದ ಮೇಲೆ, ಹಿಂದಿನ ಪುಟಗಳಲ್ಲಿ ಅಚ್ಚು ಹಾಕಿ. ಕಳ್ಳ ಯಾರು ಅಂತ ಆಗ ಎಷ್ಟು ಬೇಕಾದರೂ ಬರೆದುಕೊಳ್ಳಲಿ.